ಕಂಟ್ರೋಲ್ ಪುಡಿ

ವೈಜಯಂತಿಯ ಬಗ್ಗೆ ಬರೆಯಲು ನಿನಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ, ಹದಿನಾಲ್ಕು ವರ್ಷ ಅವಳ ಕೈಯ ಅನ್ನ ಉಂಡಿದ್ದೇನೆ ಎಂಬುದಷ್ಟೇ ನನ್ನ ಉತ್ತರ. ಕಾರವಾರದ ಬೈತಖೋಲ ಬಂದರಿನ ಪಕ್ಕ, ಗುಡ್ಡದ ಬುಡದಲ್ಲಿರುವ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ, ಅವಳು ಬಿಸಿಯೂಟ ಬೇಯಿಸುತ್ತಿದ್ದಳು. ನಮ್ಮಲ್ಲಿ ಕಲಿತು ಹೋದ ಮಕ್ಕಳಿಗೆ ನನ್ನ ಪಾಠ ಎಷ್ಟು ನೆನಪಿದೆಯೋ ದೇವರೇ ಬಲ್ಲ. ಅವಳ ಸಾರು ಮಾತ್ರ ಎಲ್ಲರಿಗೂ ನೆನಪಿದೆ.

ಮೀನುಗಾರರ ಮನೆಯ ಹೆಂಗಸು. ಗಂಡ ಪುಂಡಲೀಕ ಟ್ರಾಲರಿನಲ್ಲಿ ದುಡಿಯುವವನು, ತಿಂಗಳಲ್ಲಿ ಅರ್ಧದಷ್ಟು ದಿನ ನೀರಿನ ಮೇಲೆ. ಅವಳು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಆದರೆ ಶಾಲೆ ಅವಳನ್ನು ಬಿಡಲಿಲ್ಲ. ಬಿಸಿಯೂಟ ಶುರುವಾದ ವರ್ಷವೇ ಸೌಟು ಹಿಡಿದು ಬಂದು ನಿಂತಳು. ಅನ್ನ ಚೆಲ್ಲುವ ಮಕ್ಕಳಿಗೆ ಅವಳ ಬೈಗುಳ ಖಾಯಂ. ಮುಖ್ಯಾಧ್ಯಾಪಕರು ಕೂಡ ಅಡುಗೆ ಕೋಣೆಯೊಳಗೆ ಚಪ್ಪಲಿ ಹಾಕಿಕೊಂಡು ಬರುವ ಧೈರ್ಯ ಮಾಡುತ್ತಿರಲಿಲ್ಲ. ಬೇಳೆಯ ಚೀಲಕ್ಕೆ ಕೈ ಹಾಕಿ, ಬೆರಳಲ್ಲಿ ಉಜ್ಜಿ, ಇದು ಹಳೆಯದು, ವಾಪಸ್ ಕಳಿಸಿ ಎಂದರೆ ಕಳಿಸಲೇಬೇಕಿತ್ತು. ಅವಳ ಬೆರಳು ಸುಳ್ಳು ಹೇಳಿದ್ದನ್ನು ನಾನು ನೋಡಿಲ್ಲ.

ನಮ್ಮ ಮಕ್ಕಳ ತಾಯಂದಿರಲ್ಲಿ ಹೆಚ್ಚಿನವರು ಬೆಳಗಾಗುವಾಗಲೇ ಮೀನಿನ ಹರಾಜಿಗೆ ಹೋಗುವವರು. ಬುಟ್ಟಿ ತುಂಬಿಸಿಕೊಂಡು ಪೇಟೆಗೆ ಹೊರಟರೆ ಮಧ್ಯಾಹ್ನದವರೆಗೆ ಮನೆಗೆ ಬರುವುದಿಲ್ಲ. ಪಾಲಕರ ಸಭೆ ಕರೆದರೆ ನಾವೂ ಗೋಡೆಗಳೂ ಇರುತ್ತಿದ್ದೆವು. ಶಾಲೆಯಿಂದ ಏನೇ ಸುದ್ದಿ ಹೋದರೂ ಅವರು ಕೇಳುತ್ತಿದ್ದುದು ಒಂದೇ: ವೈಜಯಂತಿ ವೈನಿ ಏನು ಹೇಳಿದಳು? ಅವಳು ಹೂಂ ಎಂದರೆ ಹೂಂ. ಈ ನಂಬಿಕೆ ಅವಳ ಆಸ್ತಿಯಾಗಿತ್ತು, ಅದನ್ನೇ ಬೇರೆಯವರು ಬಳಸಿಕೊಂಡರು.

ಕೊರೊನಾ ಮುಗಿದು ಶಾಲೆ ಸರಿಯಾಗಿ ನಡೆಯಲು ಶುರುವಾದ ವರ್ಷದ ಜೂನ್‌ನಲ್ಲಿ ರಕ್ಷಿತಾ ಬಂದಳು. ಅಂಕೋಲೆ ತಾಲೂಕಿನ ಅವರ್ಸಾದ ಹುಡುಗಿ, ನರ್ಸಿಂಗ್ ಓದಿದವಳು. ಹೊರ ಊರಿನ ಒಂದು ಸಂಶೋಧನಾ ಸಂಸ್ಥೆಗೆ ಕೆಲಸ ಮಾಡುತ್ತಿದ್ದಳು. ಶಾಲಾ ಮಕ್ಕಳಲ್ಲಿ ರಕ್ತ ಕಡಿಮೆ ಯಾಕಿದೆ, ಊಟಕ್ಕೆ ಕಬ್ಬಿಣದ ಅಂಶದ ಪುಡಿ ಬೆರೆಸಿ ಕೊಟ್ಟರೆ ಹೆಚ್ಚುತ್ತದೆಯೇ ಎಂದು ಒಂದು ವರ್ಷ ನೋಡುವ ಅಧ್ಯಯನ. ಮೊದಲು ಬೆರಳು ಚುಚ್ಚಿ ರಕ್ತ ನೋಡುವುದು, ನಡುವೆ ದಿನಾ ಪುಡಿ, ಕೊನೆಗೆ ಮತ್ತೊಮ್ಮೆ ರಕ್ತ. ನಮ್ಮದೂ ಸೇರಿ ಕೆಲವು ಶಾಲೆಗಳನ್ನು ಆರಿಸಿದ್ದರು.

ಹುಡುಗಿ ಚುರುಕು. ಬಂದ ಎರಡನೇ ದಿನಕ್ಕೇ ಯಾರನ್ನು ಹಿಡಿಯಬೇಕೆಂದು ಗೊತ್ತು ಮಾಡಿಕೊಂಡಳು. ನಮ್ಮ ಆಫೀಸಿನ ಕುರ್ಚಿ ಬಿಟ್ಟು ಅಡುಗೆ ಕೋಣೆಯ ಮಣೆಯ ಮೇಲೆ ಕೂತಳು, ವೈಜಯಂತಿಯನ್ನು ಅಕ್ಕ ಎಂದಳು, ಕಾಯಿ ತುರಿದು ಕೊಟ್ಟಳು. ಮಧ್ಯಾಹ್ನ ಅವಳ ಮನೆಗೇ ಹೋಗಿ ಬಂಗಡೆ ಸಾರು ಉಂಡು ಬರುತ್ತಿದ್ದಳು. ವೈಜಯಂತಿಗೆ ಹೆಣ್ಣು ಮಕ್ಕಳಿಲ್ಲ. ಒಂದೇ ವಾರದಲ್ಲಿ, ರಕ್ಷಿತಾಗೆ ಅಂತ ಎತ್ತಿಟ್ಟಿದ್ದೆ ಎಂಬ ಮಾತು ಅವಳ ಬಾಯಲ್ಲಿ ಕೇಳಿಬರತೊಡಗಿತು.

ತಾಯಂದಿರು ಮಾತ್ರ ರಕ್ತ ಎಂದೊಡನೆ ಹಿಂದೆ ಸರಿದರು. ಮಕ್ಕಳ ರಕ್ತ ಎಲ್ಲಿಗೆ ಒಯ್ಯುತ್ತಾರೆ, ಎಂತಕ್ಕೆ ಒಯ್ಯುತ್ತಾರೆ ಎಂದು ಗುಸುಗುಸು. ಹತ್ತು ದಿನವಾದರೂ ಒಪ್ಪಿಗೆ ಪತ್ರಕ್ಕೆ ಬಿದ್ದ ಸಹಿ ಒಂಬತ್ತು. ಆಗಲೇ ಆ ಮಾತು ಬಂತು. ರಕ್ಷಿತಾ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ತನ್ನ ಮೇಲಿನವರಿಗೆ, ಬೈತಖೋಲ ಶಾಲೆ ಕಂಟ್ರೋಲ್ ಸರ್ ಎಂದು ಹೇಳುತ್ತಿದ್ದಳು. ವೈಜಯಂತಿ ಅದನ್ನು ಕೇಳಿಸಿಕೊಂಡಳು.

ನಮ್ಮ ಕಡೆ ರೇಶನ್ ಅಂಗಡಿಗೆ ಜನ ಈಗಲೂ ಕಂಟ್ರೋಲ್ ಎನ್ನುತ್ತಾರೆ. ಕಂಟ್ರೋಲ್ ಅಕ್ಕಿ, ಕಂಟ್ರೋಲ್ ಸಕ್ಕರೆ. ಕಂಟ್ರೋಲಿನಲ್ಲಿ ಹೆಸರಿದೆ ಎಂದರೆ ಸರಕಾರ ಲೆಕ್ಕಕ್ಕೆ ತೆಗೆದುಕೊಂಡಿದೆ, ನಿಮ್ಮ ಪಾಲಿನದು ನಿಮಗೆ ಬಂದೇ ಬರುತ್ತದೆ, ಯಾರೂ ತಪ್ಪಿಸಲಾರರು ಎಂದು ಅರ್ಥ. ಫೋನಿಟ್ಟ ಹುಡುಗಿಯನ್ನು ವೈಜಯಂತಿ ಹಿಗ್ಗಿನಿಂದ ಕೇಳಿದಳು, ನಮ್ಮ ಶಾಲೆ ಕಂಟ್ರೋಲಲ್ಲಿ ಬಂತಾ ಎಂದು. ನಾನು ಹಾಜರಿ ಪುಸ್ತಕ ಹಿಡಿದು ಅಲ್ಲೇ ನಿಂತಿದ್ದೆ. ರಕ್ಷಿತಾ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ನಕ್ಕು, "ಹೌದಕ್ಕ, ಕಂಟ್ರೋಲಲ್ಲೇ ಬಂತು" ಎಂದಳು.

ಮರುದಿನ ಬೆಳಿಗ್ಗೆ ವೈಜಯಂತಿ ಹರಾಜಿನ ಕಟ್ಟೆಗೇ ಹೋಗಿ ಸಾರಿದಳು. ಬೇರೆ ಶಾಲೆಗಳ ಪಾಡು ಗೊತ್ತಿಲ್ಲ, ನಮ್ಮದು ಕಂಟ್ರೋಲಲ್ಲಿ ಬಂದಿದೆ, ಮಕ್ಕಳಿಗೆ ಔಷಧದ ಪುಡಿ ವರ್ಷವಿಡೀ ತಪ್ಪುವುದಿಲ್ಲ, ಸಹಿ ಹಾಕದಿದ್ದರೆ ನಿಮ್ಮ ಮಕ್ಕಳ ಪಾಲು ಹೋದ ಹಾಗೆ. ಮೂರೇ ದಿನದಲ್ಲಿ ಎಪ್ಪತ್ತೊಂದು ಪತ್ರ ತುಂಬಿತು. ಓದು ಬಾರದವರು ಹೆಬ್ಬೆಟ್ಟು ಒತ್ತಿದರು. ಹೆಬ್ಬೆಟ್ಟಿನ ಪಕ್ಕ ಸಾಕ್ಷಿಯ ಸಹಿ ಬೇಕಿತ್ತು, ಅದನ್ನೂ ವೈಜಯಂತಿಯೇ ಹಾಕಿದಳು, ಒಂದೊಂದು ಅಕ್ಷರವನ್ನೂ ದುಂಡಗೆ ತಿದ್ದಿ.

ಆ ಪತ್ರದ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: "ತುಲನಾ ಸಮೂಹದ ಶಾಲೆಗಳಿಗೆ ನಿಷ್ಕ್ರಿಯ ಪದಾರ್ಥವನ್ನು ಒದಗಿಸಲಾಗುವುದು." ಕನ್ನಡವೇ ಅದು, ಹೆತ್ತವರಿಗೆ ಅರ್ಥವಾಗಬಾರದೆಂದು ಬರೆದ ಕನ್ನಡ. ಕನ್ನಡ ಕಲಿಸುವ ನಾನಾದರೂ ಓದಿ ಇದೇನೆಂದು ಕೇಳಬೇಕಿತ್ತು. ಕಿರುಪರೀಕ್ಷೆಯ ಪೇಪರು ತಿದ್ದುವುದಿತ್ತು, ಓದಲಿಲ್ಲ. ಈ ಕತೆಯಲ್ಲಿ ನನ್ನ ಪಾಲಿನ ಪಾಪ ಅಷ್ಟು.

ಇನ್ನು ಹೊನ್ನಮ್ಮನ ಮಗಳು ಪ್ರೀತಿ. ಏಳನೇ ಇಯತ್ತೆ, ಹನ್ನೆರಡು ವರ್ಷ. ಹೊನ್ನಮ್ಮ ವೈಜಯಂತಿಯ ನೆರೆಮನೆಯವಳು, ಮೀನು ಮಾರುವವಳು, ಗಂಡನಿಲ್ಲ. ಹುಡುಗಿಗೆ ತಾಯಿ ಆಯಿ, ವೈಜಯಂತಿ ಮೌಶಿ. ಪ್ರೀತಿಗೆ ಮೊದಲೇ ರಕ್ತ ಕಡಿಮೆ. ಸರಕಾರಿ ಆಸ್ಪತ್ರೆಯ ಡಾಕ್ಟರು ಶಿವಾನಂದರು ಗುಳಿಗೆ ಬರೆದುಕೊಟ್ಟು, ಆರು ತಿಂಗಳು ಒಂದು ದಿನವೂ ತಪ್ಪಿಸಬೇಡಿ ಎಂದಿದ್ದರು. ಗುಳಿಗೆ ಹಿಡಿದು ಹುಡುಗಿಯ ಮುಖಕ್ಕೆ ಸ್ವಲ್ಪ ಬಣ್ಣ ಬರುತ್ತಿತ್ತು. ಆದರೆ ಬೇರೆ ಔಷಧ ತಿನ್ನುವ ಮಕ್ಕಳನ್ನು ಅಧ್ಯಯನಕ್ಕೆ ಸೇರಿಸುವ ಹಾಗಿಲ್ಲ, ರಕ್ಷಿತಾಗೆ ಮೇಲಿನವರು ಕೇಳಿದಷ್ಟು ಮಕ್ಕಳು ತುಂಬಿರಲಿಲ್ಲ. ಪುಡಿಯಲ್ಲೂ ಕಬ್ಬಿಣ, ಗುಳಿಗೆಯಲ್ಲೂ ಕಬ್ಬಿಣ, ಎರಡೂ ಸೇರಿದರೆ ಹುಡುಗಿಯ ಹೊಟ್ಟೆ ಕೆಡುತ್ತದೆ, ಗುಳಿಗೆ ನಿಲ್ಲಿಸಲು ಹೇಳಿ ಎಂದು ಅವಳು ವೈಜಯಂತಿಗೆ ತಿಳಿಸಿದಳು. ವೈಜಯಂತಿ ಹೊನ್ನಮ್ಮನಿಗೆ ಹೇಳಿದಳು. ಹೊನ್ನಮ್ಮ ಉಳಿದ ಗುಳಿಗೆಗಳನ್ನು ಕಟ್ಟಿ ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟಳು.

ಬೆರಳು ಚುಚ್ಚಿದರು, ಅಂಕಿಗಳು ಲ್ಯಾಪ್‌ಟಾಪಿನೊಳಗೆ ಹೋದವು. ಯಾವ ಮಗುವಿನದು ಎಷ್ಟು ಎಂದು ನಮಗೆ ಯಾರೂ ಹೇಳಲಿಲ್ಲ. ಪೆಟ್ಟಿಗೆಗಳು ಬಂದವು. ಅವುಗಳ ಮೇಲೆ ಇಂಗ್ಲಿಷಿನಲ್ಲಿ ಕಂಟ್ರೋಲ್ ಎಂದು ಮುದ್ರೆ ಹೊಡೆದಿತ್ತು. ವೈಜಯಂತಿ ನನ್ನಿಂದ ಅದನ್ನು ಓದಿಸಿ ಇನ್ನಷ್ಟು ಗಟ್ಟಿಯಾದಳು. ಗುಣಮಟ್ಟ ಪರೀಕ್ಷೆಯಾಗಿದೆ ಎಂಬ ಗುರುತಿರಬೇಕು ಎಂದುಕೊಂಡು ನಾನೂ ಸುಮ್ಮನಾದೆ.

ಎಂಟು ತಿಂಗಳು ಅವಳು ದಿನವೂ ಪೊಟ್ಟಣ ಹರಿದು ಸಾರಿಗೆ ಬೆರೆಸಿದಳು. ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದ ದಿನ ಕೂಡ ಬಂದು ಪುಡಿ ಹಾಕಿ ಹೋದಳು. ಮೊದಲ ವಾರದಲ್ಲೇ ಅವಳಿಗೆ ಅನುಮಾನ ಬಂದಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಪುಡಿ ಬಿದ್ದ ಮೇಲೆ ಸಾರು ಮಂದವಾಗುತ್ತದೆ, ಬೆರಳಲ್ಲಿ ಉಜ್ಜಿದರೆ ಅಕ್ಕಿ ಹಿಟ್ಟಿನ ಹಾಗೆಯೇ ಇದೆ ಎಂದು ರಕ್ಷಿತಾಗೆ ಹೇಳಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಹುಡುಗಿ, ಸರಿಯಾಗಿ ನೋಡು ಎಂದು ತಮಾಷೆಯನ್ನೂ ಮಾಡಿದಳು. ಔಷಧಕ್ಕೆ ರುಚಿ ಇರುವುದಿಲ್ಲ ಅಕ್ಕ ಎಂದು ಉತ್ತರ ಬಂತು. ಇಪ್ಪತ್ತು ವರ್ಷ ಬೇಳೆ ಅಕ್ಕಿ ಉಜ್ಜಿದ ಬೆರಳನ್ನು ಬಿಟ್ಟು ಅವಳು ಆ ಹುಡುಗಿಯ ಮಾತನ್ನು ನಂಬಿದಳು.

ಪ್ರೀತಿ ಸೊರಗುತ್ತ ಬಂದಳು. ಆ ವರ್ಷವೇ ಮೈನೆರೆದಿದ್ದಳು, ಅದರಿಂದ ಸುಸ್ತು ಎಂದುಕೊಂಡೆವು. ತರಗತಿಯಲ್ಲಿ ಡೆಸ್ಕಿಗೆ ತಲೆಯಿಟ್ಟು ಮಲಗುವಳು. ವೈಜಯಂತಿ ಅವಳ ತಟ್ಟೆಗೆ ಒಂದು ಸೌಟು ಸಾರು ಹೆಚ್ಚಿಗೆ ಬಡಿಸುತ್ತಿದ್ದಳು, ಪುಡಿ ಹೆಚ್ಚು ಹೋಗಲಿ ಎಂದು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಫೆಬ್ರುವರಿಯ ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಪ್ರೀತಿ ಕುಸಿದು ಬಿದ್ದಳು. ತುಟಿ, ಉಗುರು ಎಲ್ಲ ಬಿಳುಚಿಹೋಗಿದ್ದವು. ರಿಕ್ಷಾದಲ್ಲಿ ವೈಜಯಂತಿಯ ತೊಡೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ದೆವು. ರಕ್ತದಲ್ಲಿ ಹನ್ನೆರಡು ಇರಬೇಕಾದ ಅಂಕಿ ಐದಕ್ಕೆ ಇಳಿದಿತ್ತು. ಇನ್ನೆರಡು ವಾರ ತಡವಾಗಿದ್ದರೆ ಹೃದಯವೇ ಸೋಲುತ್ತಿತ್ತು ಎಂದರು ಶಿವಾನಂದ ಡಾಕ್ಟರು. ಗುಳಿಗೆ ಯಾಕೆ ನಿಲ್ಲಿಸಿದಿರಿ ಎಂದು ಸಿಟ್ಟಾದರು. ವೈಜಯಂತಿ ಶಾಲೆಗೆ ಓಡಿ ಪುಡಿಯ ಪೆಟ್ಟಿಗೆಯನ್ನೇ ಹೊತ್ತು ತಂದಳು. ಇದರಲ್ಲಿ ಎಲ್ಲ ಇದೆ ಡಾಕ್ಟ್ರೆ, ದಿನಾ ನಾನೇ ಹಾಕಿದ್ದೇನೆ ಎಂದಳು.

ಡಾಕ್ಟರು ಮುದ್ರೆ ನೋಡಿದರು, ಎಲ್ಲಿಗೋ ಫೋನ್ ಮಾಡಿದರು, ಬಹಳ ಹೊತ್ತು ಮಾತಾಡಿದರು. ಆಮೇಲೆ ಬಂದು ಮೆಲ್ಲಗೆ ಹೇಳಿದರು. "ಕಂಟ್ರೋಲ್ ಅಂದ್ರೆ ಔಷಧ ಕೊಡದೇ ಇಟ್ಟ ಗುಂಪು ತಾಯಿ. ಔಷಧ ಕೊಟ್ಟ ಮಕ್ಕಳ ಜೊತೆ ಹೋಲಿಸಿ ನೋಡ್ಲಿಕ್ಕೆ. ಇದು ಬರೀ ಹಿಟ್ಟು."

ವೈಜಯಂತಿ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಗೆ ಬಂದಳು, ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು.

ಮೂರನೇ ದಿನ, ಪ್ರೀತಿಗೆ ರಕ್ತ ಏರಿಸಿ ಜೀವಕ್ಕೆ ಅಪಾಯವಿಲ್ಲ ಎಂದಾದ ಮೇಲೆ, ನಾವಿಬ್ಬರೂ ಅಂಕೋಲೆ ಬಸ್ಸು ಹತ್ತಿ ಅವರ್ಸಾದಲ್ಲಿ ಇಳಿದೆವು. ರಕ್ಷಿತಾ ಮನೆಯಲ್ಲೇ ಇದ್ದಳು. ಅವಳ ತಾಯಿ ಮಂದಾಕಿನಿ ಪಾಪ, ಏನೂ ತಿಳಿಯದೆ, ಮಗಳ ಬಾಯಲ್ಲಿ ನಿಮ್ಮದೇ ಹೆಸರು ಎಂದು ವೈಜಯಂತಿಗೆ ಉಪಚಾರ ಮಾಡಿ ಮಜ್ಜಿಗೆ ತಂದಿಟ್ಟರು. ವೈಜಯಂತಿ ಲೋಟ ಮುಟ್ಟಲಿಲ್ಲ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಬೈಗುಳದ ರಾಣಿ ಅವಳು. ಕೂಗಾಡಲಿಲ್ಲ.

ರಕ್ಷಿತಾ ತಾನೇ ಶುರುಮಾಡಿದಳು. ಎಲ್ಲವೂ ಪತ್ರದಲ್ಲಿ ಬರೆದಿತ್ತು, ಎರಡನೇ ಪುಟದಲ್ಲಿತ್ತು, ಅಕ್ಕನೇ ಸಾಕ್ಷಿ ಸಹಿ ಹಾಕಿದ್ದಾರೆ, ಗುಳಿಗೆಯ ವಿಷಯ ಮೇಲಿನವರಿಗೆ ಗೊತ್ತಾದರೆ ತನ್ನ ಕೆಲಸ ಹೋಗುತ್ತದೆ ಎಂದೆಲ್ಲ.

"ಪತ್ರ ಬಿಡು," ಎಂದಳು ವೈಜಯಂತಿ. "ನಂಗೆ ಒಂದೇ ಹೇಳು. ಕಂಟ್ರೋಲ್ ಅಂದ್ರೆ ನಾ ಕಂಟ್ರೋಲ್ ಅಕ್ಕಿ ಅಂತ ತಿಳ್ಕಂಡಿದ್ದೆ. ಅದು ನಿಂಗೆ ಆವತ್ತೇ ಗೊತ್ತಿತ್ತಾ, ಇಲ್ವಾ?"

ಹುಡುಗಿ ತಾಯಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಗೊತ್ತಿತ್ತು ಅಕ್ಕ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ನೀವು ಹಾಂಗೆ ಹೇಳಿದ್ಮೇಲೇ ಎಲ್ಲರೂ ಸಹಿ ಹಾಕೂಕೆ ಬಂದ್ರು."

ವೈಜಯಂತಿ ಎದ್ದಳು. ವಾಪಸ್ ಬರುವ ಬಸ್ಸು ಅರ್ಗಾ ದಾಟುವಾಗ, ನನ್ನ ಮನೆಯ ತಟ್ಟೆಯಲ್ಲಿ ಉಂಡಿದ್ದಾಳೆ ಅಕ್ಕೋರೆ ಎಂದಳು, ಕಿಟಕಿಯ ಹೊರಗೆ ನೋಡುತ್ತಲೇ. ನಂಬಿಸಿ ಕತ್ತು ಕೊಯ್ದರು ಎಂಬ ಮಾತನ್ನು ನಾನು ಎಷ್ಟೋ ಸಲ ಪಾಠದಲ್ಲಿ ಬಿಡಿಸಿ ಹೇಳಿದ್ದೇನೆ. ಕೊಯ್ಯಿಸಿಕೊಂಡವರ ಪಕ್ಕ ಕೂತದ್ದು ಅದೇ ಮೊದಲು.

ವೈಜಯಂತಿ ಆಸ್ಪತ್ರೆಗೆ ಹೋಗಿ ಹೊನ್ನಮ್ಮನ ಮುಂದೆ ಎಲ್ಲವನ್ನೂ ಹೇಳಿದಳು. ಮೋಸ ಮಾಡಿದಳು, ಆ ಹುಡುಗಿ ನಮಗೆಲ್ಲ ಮೋಸ ಮಾಡಿದಳು ಎಂದು ಅತ್ತಳು. ಹೊನ್ನಮ್ಮ ಮಗಳ ಕಾಲು ಒತ್ತುತ್ತ ಕೂತವಳು ತಲೆ ಎತ್ತಲಿಲ್ಲ.

"ಅವ್ಳು ಯಾರು ಅಂತ್ಲೇ ನಂಗೆ ಗೊತ್ತಿಲ್ಲ ವೈನಿ," ಎಂದಳು. "ಅವ್ಳ ಮಾತಿಗೆ ನಾ ಗುಳಿಗೆ ನಿಲ್ಸಿದ್ದಲ್ಲ. ನೀ ಹೇಳ್ದೆ, ಅದ್ಕೆ ನಿಲ್ಸ್ದೆ."

ನಾನು ಏನಾದರೂ ಹೇಳಬೇಕಿತ್ತು. ಅವಳಿಗೂ ಗೊತ್ತಿರಲಿಲ್ಲ ಹೊನ್ನಮ್ಮ ಎನ್ನಬೇಕಿತ್ತು.

ನಾನು ಸಂಸ್ಥೆಗೆ ಕಾಗದ ಬರೆದೆ. ವಿಷಾದವಿದೆ, ನಿಯಮದಂತೆ ನಡೆದಿದೆ ಎಂದು ಉತ್ತರ ಬಂತು. ಪುಡಿ ಹಾಕುವುದು ನಿಂತಿತು, ಪೆಟ್ಟಿಗೆಗಳು ವಾಪಸ್ ಹೋದವು. ಸುದ್ದಿ ಹರಾಜಿನ ಕಟ್ಟೆಯಲ್ಲಿ ಒಂದೇ ದಿನದಲ್ಲಿ ಹರಡಿತು. ಮಕ್ಕಳು ಮನೆಯಿಂದ ಡಬ್ಬಿ ತರಲು ಶುರುಮಾಡಿದರು. ಸಾರು ಉಳಿಯತೊಡಗಿತು. ವೈಜಯಂತಿ ಯಾರ ಮೇಲೂ ಬಾಯಿ ಮಾಡುತ್ತಿರಲಿಲ್ಲ, ಅನ್ನ ಚೆಲ್ಲಿದವರಿಗೂ ಬೈಯುತ್ತಿರಲಿಲ್ಲ.

ಪ್ರೀತಿ ಮಾರ್ಚಿನಲ್ಲಿ ಶಾಲೆಗೆ ಬಂದಳು. ಕೆನ್ನೆ ತುಂಬಿರಲಿಲ್ಲ, ಆದರೂ ಕಣ್ಣಿನಲ್ಲಿ ಜೀವ ಬಂದಿತ್ತು. ಊಟದ ಗಂಟೆಯಾದಾಗ ಅವಳು ಡಬ್ಬಿ ತೆಗೆಯದೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು. ಅದನ್ನು ಕಂಡು ಇನ್ನೂ ಏಳೆಂಟು ಮಕ್ಕಳು ಹಿಂದೆ ನಿಂತರು. ವೈಜಯಂತಿಯ ಮುಖ ಅರಳಿದ್ದನ್ನು ನಾನು ನೋಡಿದೆ. ಸೌಟು ತುಂಬಿ ಎತ್ತಿದಳು. ಪ್ರೀತಿ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

"ಮೌಶಿ," ಎಂದಳು, ನೆಲ ನೋಡುತ್ತ. "ಮೊದ್ಲು ನೀ ತಿಂದು ತೋರ್ಸ್ಬೇಕಂತೆ. ಆಯಿ ಹೇಳಿದಾಳೆ."

ವೈಜಯಂತಿ ಸಾರನ್ನು ಎಡಗೈಯ ಬಟ್ಟಲಿಗೆ ಹಾಕಿಕೊಂಡಳು, ಒಂದು ತುತ್ತು ಅನ್ನ ಕಲಸಿದಳು, ಹುಡುಗಿಯ ಕಣ್ಣೆದುರು ಬಾಯಿಗಿಟ್ಟು ನುಂಗಿದಳು. ಪ್ರೀತಿ ತಟ್ಟೆ ಮುಂದೆ ಮಾಡಿದಳು, ಬಡಿಸಿಕೊಂಡು ಹೋದಳು. ಅವಳ ಹಿಂದಿದ್ದ ಮಗು ಮುಂದೆ ಬಂದು, ತಟ್ಟೆ ಚಾಚದೆ, ಸುಮ್ಮನೆ ಕಾಯುತ್ತ ನಿಂತಿತು. ವೈಜಯಂತಿ ಇನ್ನೊಂದು ತುತ್ತು ಕಲಸಿದಳು.