ಸಾಹುಕಾರರ ಬೀದಿಯ ಕಾಂಪ್ಲೆಕ್ಸು

ಎಂಬತ್ತರ ದಶಕದ ಶುರುವಿನಲ್ಲಿ ಜಯದೇವಪ್ಪನವರು ತರೀಕೆರೆಯ ಸಾಹುಕಾರರ ಬೀದಿಯಲ್ಲಿ ಕಾಂಪ್ಲೆಕ್ಸು ಕಟ್ಟಿಸಿದಾಗ ಊರಿಗೆ ಊರೇ ಬಂದು ನೋಡಿತ್ತು. ಮೊಸಾಯಿಕ್ ನೆಲ, ಕಬ್ಬಿಣದ ಶಟರುಗಳು, ಮಹಡಿಗೆ ಅಗಲವಾದ ಮೆಟ್ಟಿಲು. ಅಡಿಕೆ ಮಂಡಿಯಲ್ಲಿ ದುಡಿದದ್ದನ್ನೆಲ್ಲ ಅವರು ಅಲ್ಲೇ ಸುರಿದಿದ್ದರು. ನೋಡಿದವರೆಲ್ಲ ಬಾಯಿತುಂಬ ಹೊಗಳಿ, ಹಳೇ ಪೇಟೆಗೇ ಹೋಗಿ ಸಾಮಾನು ಕೊಂಡರು.

ಮಹಡಿಯ ಮೂಲೆ ಮಳಿಗೆಯಲ್ಲಿ ರವಿಕೆ ಹೊಲಿಯುತ್ತಿದ್ದ ಮಲ್ಲಿಕಾಂಬನಿಗೆ ಆ ದಿನಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಅಜ್ಜಂಪುರದಿಂದ ಮದುವೆಯಾಗಿ ಬಂದವಳು, ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯ ಪಡಸಾಲೆಯಲ್ಲಿ ಎಲ್ಲರ ಕಾಲಿಗೂ ಅಡ್ಡವಾಗಿ ಕೂತು ವರ್ಷಗಟ್ಟಲೆ ಹೊಲಿದವಳು. ತನ್ನದೆಂಬ ಒಂದು ಬಾಗಿಲು ಸಿಕ್ಕಿದ್ದು ಇಲ್ಲೇ. ಬೆಳಿಗ್ಗೆ ಶಟರ್ ಎತ್ತುವಾಗಿನ ಸದ್ದು ಕೇಳಿದರೆ ಆಕೆಗೆ ಎಂಥದೋ ಹಿಗ್ಗು. ಆದರೆ ಅಕ್ಕಪಕ್ಕದ ಮಳಿಗೆಗಳು ಒಂದೊಂದೇ ಮುಚ್ಚುತ್ತಿದ್ದವು. ಯುಗಾದಿಯೊಳಗೆ ವ್ಯಾಪಾರ ಕುದುರದಿದ್ದರೆ ಕಟ್ಟಡವನ್ನೇ ಅಡಿಕೆ ಗೋಡೌನ್ ಮಾಡುತ್ತೇನೆಂದು ಜಯದೇವಪ್ಪ ಹೇಳಿಬಿಟ್ಟರು. ಹಾಗಾದರೆ ಆಕೆಗೆ ಮತ್ತೆ ಆ ಪಡಸಾಲೆಯೇ ಗತಿ.

ಮಳಿಗೆಗಳ ಗಂಡಸರು ಸಭೆ ಸೇರಿದರು. ಉಪಾಯಗಳಿಗೇನು ಬರ? ಮೈಕು ಕಟ್ಟಿ ಹಾಡು ಹಾಕಿಸಿದರೆ ಎದುರು ಮನೆಯ ಮುದುಕರು ಜಗಳಕ್ಕೆ ಬಂದರು. ಬಣ್ಣದ ಸೀರಿಯಲ್ ಲೈಟು ಇಳಿಬಿಟ್ಟರೆ ಕರೆಂಟೇ ಇರುತ್ತಿರಲಿಲ್ಲ. ಲಕ್ಕಿ ಡ್ರಾಗೆ ಸ್ಟೀಲ್ ಬಿಂದಿಗೆ ಇಟ್ಟರು. ಅದು ಜಯದೇವಪ್ಪನವರ ಷಡ್ಡಕನಿಗೇ ಬಂದು ಊರೆಲ್ಲ ಬಿದ್ದುಬಿದ್ದು ನಕ್ಕಿತು.

ಒಂದು ದಿನ ಮಲ್ಲಿಕಾಂಬನ ತವರಿನ ಓಬಮ್ಮ, ಬಾಣಂತನ ಮುಗಿಸಿದ ಮಗಳ ಜೊತೆ ಜವಳಿ ಕೊಳ್ಳಲು ಬಂದವಳು ಮಹಡಿ ಹತ್ತಿ ಬಂದಳು. ಶಟರನ್ನು ಅರ್ಧ ಇಳಿಸು, ಮಗು ಹಸಿದು ಅಳುತ್ತಿದೆ ಎಂದು ಕೇಳಿಕೊಂಡಳು. ಮಲ್ಲಿಕಾಂಬ ನೀರು ಕೊಡಹೋದರೆ ಮುಟ್ಟಲಿಲ್ಲ.

"ಬೆಳಿಗ್ಗಿಂದ ಒಂದು ತೊಟ್ಟು ಕುಡ್ದಿಲ್ಲ ಕಣವ್ವ. ಕುಡುದ್ರೆ ಎಲ್ಲಿಗೆ ಹೋಗ್ಲಿ? ಸೀರೆ ಇನ್ನೊಂದ್ಸಲ ನೋಡಿದ್ರಾಯ್ತು, ಮಧ್ಯಾಹ್ನದ ಬಸ್ಸಿಗೆ ಹೋಗ್ಬಿಡ್ತೀವಿ."

ಮಲ್ಲಿಕಾಂಬನಿಗೆ ಆಗ ಹೊಳೆಯಿತು. ಈ ಬೀದಿಯ ಸಾಹುಕಾರರ ಹೆಂಗಸರಿಗೆ ಜವಳಿಯ ಗಂಟೇ ಮನೆಗೆ ಹೋಗುತ್ತಿತ್ತು. ಅಂಗಡಿಗೆ ಬರಬೇಕಾದವರು ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಹೆಂಗಸರು, ಮತ್ತು ಅವರು ಹೊಟ್ಟೆ ಬಿಗಿಹಿಡಿದು ಮನೆಗೆ ಓಡುತ್ತಿದ್ದರು. ಆದರೆ ಇದನ್ನು ಆ ದೊಡ್ಡ ಮನುಷ್ಯರ ಮುಂದೆ ಬಾಯಿಬಿಟ್ಟು ಹೇಳುವುದು ಹೇಗೆ? ಎರಡು ಸಲ ಜಯದೇವಪ್ಪನವರ ಮಂಡಿಯ ಬಾಗಿಲವರೆಗೂ ಹೋಗಿ ವಾಪಸು ಬಂದಳು. ಮೂರನೆಯ ಸಲ ನೆಲ ನೋಡುತ್ತಲೇ ಹೇಳಿದಳು.

"ಅಣ್ಣಾರೆ, ಹೆಂಗಸ್ರಿಗೊಂದು ಕಕ್ಕಸು ಕಟ್ಸಿ. ಮಕ್ಕಳಿಗೆ ಹಾಲು ಕುಡ್ಸಕ್ಕೊಂದು ರೂಮು ಕೊಡಿ. ಲೈಟು ನೋಡಕ್ಕೆ ಯಾರೂ ಬಸ್ಸತ್ತಿ ಬರಲ್ಲ."

ಜಯದೇವಪ್ಪನವರ ಮುಖ ಕೆಂಪಾಯಿತು. ಸ್ವಾಮಿಗಳ ಪಾದಪೂಜೆ ನಡೆದ ಕಟ್ಟಡದಲ್ಲಿ ಕಕ್ಕಸೇ ಎಂದು ಎದ್ದು ಹೋದರು. ಮನೆಯಲ್ಲಿ ಹೆಂಡತಿ ಪ್ರೇಮಮ್ಮ ಅದೇನು ಹೇಳಿದರೋ ಆ ಪುಣ್ಯಾತ್ಗಿತ್ತಿಗೇ ಗೊತ್ತು, ಮುಂದಿನ ಸೋಮವಾರ ಗಾರೆಯವರು ಬಂದು ಕಾಂಪ್ಲೆಕ್ಸಿನ ಹಿತ್ತಲಲ್ಲಿ ಪಾಯ ತೋಡಿದರು.

ಮಹಡಿಯ ಒಂದು ರೂಮಿನಲ್ಲಿ ಚಾಪೆ, ನೀರಿನ ಹಂಡೆ, ತೊಟ್ಟಿಲಿಗೆ ಸೀರೆಯ ಜೋಲಿ. ಹೆಂಗಸರು ಸಂಜೆ ಬಸ್ಸಿನವರೆಗೂ ನಿಲ್ಲತೊಡಗಿದರು, ನಿಂತವರು ನಾಲ್ಕು ಅಂಗಡಿ ಹತ್ತಿ ಇಳಿದರು. ಯುಗಾದಿ ಬಂದಾಗ ಗೋಡೌನಿನ ಮಾತೇ ಏಳಲಿಲ್ಲ, ವರ್ಷದೊಳಗೆ ಒಂದು ಮಳಿಗೆಯೂ ಖಾಲಿ ಉಳಿಯಲಿಲ್ಲ. ಮಲ್ಲಿಕಾಂಬ ಅವರ ಬಾಯಲ್ಲಿ ಮಲ್ಲಮ್ಮನಾದಳು, 'ಮಲ್ಲಮ್ಮನ್ನ ಮಾತಾಡಿಸ್ಕಂಡು ಬತ್ತೀನಿ' ಎಂದು ಹೆಂಗಸರು ಎದ್ದರೆ ಅದು ಕಕ್ಕಸಿಗೆಂದು ಗಂಡಸರಿಗೆ ತಿಳಿಯುತ್ತಿರಲಿಲ್ಲ. ಎಂಥ ಚೆಂದದ ದಿನಗಳವು!

ಆಮೇಲೆ ಕ್ಯಾಸೆಟ್ ಅಂಗಡಿಗೆ ಜಾಗ ಹುಡುಕುತ್ತ ಕಡೂರಿನಿಂದ ಒಬ್ಬ ಬಂದ. ಜಯದೇವಪ್ಪನವರ ಕಣ್ಣು ಆ ರೂಮಿನ ಮೇಲೆ ಬಿತ್ತು. ಮಳಿಗೆಗಳು ತುಂಬಿದ ಮೇಲೆ ಇನ್ನದು ಯಾಕೆ ಎಂದರು. ಮಲ್ಲಿಕಾಂಬ ತನ್ನ ಮಳಿಗೆಯ ಬೀಗದ ಕೈ ತಂದು ಅವರ ಮುಂದಿಟ್ಟಳು.

"ಆ ರೂಮು ಬ್ಯಾಡ ಅಣ್ಣಾರೆ. ನನ್ನ ಮಳಿಗೆ ಅವ್ರಿಗೆ ಕೊಡಿ. ನಾನು ಅಲ್ಲೇ ಕೂತ್ಕತೀನಿ."

ಅಂದೇ ಮಿಷನ್ನು ರೂಮಿಗೆ ಸಾಗಿಸಿದಳು. ಸುಲಭವಾಗಿರಲಿಲ್ಲ, ತನ್ನ ಶಟರನ್ನು ಇನ್ನೊಬ್ಬ ಎತ್ತುವುದನ್ನು ಕೇಳಿ ಎಷ್ಟೋ ಬೆಳಿಗ್ಗೆ ಅತ್ತಳು. ಕೈಲಾಗುವವರೆಗೂ ಆ ಚಾಪೆಗಳ ನಡುವೆಯೇ ಹೊಲಿದಳು. ಯಾವುದೋ ಊರಿನ ಮಗು ಜೋಲಿಯಲ್ಲಿ ನಿದ್ದೆಗೆ ಜಾರುತ್ತಿದೆ ಎನಿಸಿದರೆ ಮಿಷನ್ ನಿಲ್ಲಿಸಿ, ಕೈಯಲ್ಲೇ ಹೆಮ್ಮಿಂಗ್ ಹಾಕುತ್ತ ಕೂರುತ್ತಿದ್ದಳು.