ಗುಡ್ಡೆಗೆ ಮೊದಲು ನೀರು ಬಿಟ್ಟ ಕಾಂತಿ

ಬೆಳಗಿನ ಐದೂವರೆ. ವಾಮದಪದವು ಸಮೀಪದ ಗುಡ್ಡೆಯ ಬುಡದಲ್ಲಿ ಕಾಂತಿ ಮೊಣಕಾಲೂರಿ ಕುಳಿತು, ಉದ್ದದ ಕಬ್ಬಿಣದ ಕೀಲಿಯನ್ನು ವಾಲ್ವಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಪೈಪು ಗುರ್ ಎನ್ನುತ್ತದೆ. "ಹೋಯ್ತು ಮೇಲೆ," ಎಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

ಪಂಚಾಯತ್‌ನ ನೀರು ಬಿಡುವ ಕೆಲಸ ಇವರದು. ಗಂಡ ಮಾಡುತ್ತಿದ್ದದ್ದು, ಅವರು ತೀರಿಕೊಂಡ ಮೇಲೆ, ಹನ್ನೊಂದು ವರ್ಷದಿಂದ ಇವರೇ. ಹದಿನಾಲ್ಕು ವಾಲ್ವು, ಇನ್ನೂರ ಹತ್ತು ಮನೆ. ರಜೆಯ ಮಾತೆತ್ತಿದರೆ ನಗುತ್ತಾರೆ. "ನೀರು ಬಾರದಿದ್ರೆ ಎಲ್ಲರೂ ನನಗೇ ಬೈಯುವುದು. ಬಂದರೆ ಯಾರಿಗೂ ನನ್ನ ನೆನಪಿಲ್ಲ."

ಕಳೆದ ಮಾರ್ಚ್‌ನಲ್ಲಿ ನೀರೇ ನಿಲ್ಲುವ ಹಾಗಾಗಿತ್ತು. ಪಂಪಿನ ಕರೆಂಟು ಬಿಲ್ಲು ಎರಡೂವರೆ ಲಕ್ಷ ಬಾಕಿ, ಕಟ್ಟದಿದ್ದರೆ ಸಂಪರ್ಕ ಕಡಿತವೆಂದು ನೋಟಿಸು. ಕಾಂತಿಯ ಸಂಬಳವೂ ನಾಲ್ಕು ತಿಂಗಳಿಂದ ಇಲ್ಲ. ನೀರಿನ ಕರವನ್ನು ತಿಂಗಳಿಗೆ ನೂರರಿಂದ ನೂರೈವತ್ತಕ್ಕೆ ಏರಿಸದೆ ದಾರಿಯಿರಲಿಲ್ಲ. ಏರಿಸಿ ಓಟು ಕಳೆದುಕೊಳ್ಳುವವರು ಯಾರು? ಪಂಚಾಯತ್ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲವೆಂಬುದು ಕಾಗದದ ಮಾತಷ್ಟೆ. ಗುಡ್ಡೆಯ ಸದಸ್ಯೆ ಸುರಕ್ಷಾ ಒಂದು ಪಕ್ಷ, ಬಯಲಿನ ಸದಸ್ಯ ನೌಫಲ್ ಇನ್ನೊಂದು. ಬಾಕಿಗೆ ನೀವೇ ಕಾರಣವೆಂದು ಒಬ್ಬರತ್ತ ಒಬ್ಬರು ಬೊಟ್ಟು ಮಾಡುವುದರಲ್ಲೇ ಮೂರು ಸಭೆ ಮುಗಿದವು.

ಜನರ ಅಭಿಪ್ರಾಯ ನಿಜಕ್ಕೂ ಗೊತ್ತಿದ್ದದ್ದು ಕಾಂತಿಗೆ. ಗುಡ್ಡೆಯ ಬೀಯಮ್ಮ ಮುಖಕ್ಕೇ ಹೇಳಿದ್ದರು: "ಐವತ್ತು ಜಾಸ್ತಿ ಕೊಡುವ, ಮಾರಾಯ್ತಿ. ಆದ್ರೆ ನೀರು ಎಲ್ಲುಂಟು?" ಮಾತು ಸರಿಯೇ. ಬಯಲಿನವರು ತುಂಬಿಸಿಕೊಂಡ ಮೇಲೆ ಗುಡ್ಡೆ ಹತ್ತುತ್ತಿದ್ದದ್ದು ನೂಲಿನಷ್ಟು ನೀರು.

ಎಂದೂ ಬಾಯಿ ತೆರೆಯದ ಕಾಂತಿ ಗ್ರಾಮಸಭೆಯಲ್ಲಿ ಎದ್ದು ನಿಂತರು. "ಹದಿನೈದು ದಿನ ಗುಡ್ಡೆಗೆ ಮೊದಲು ಬಿಡ್ತೇನೆ. ಬಯಲಿನವರು ಸ್ವಲ್ಪ ಕಾಯಿರಿ. ಆಮೇಲೆ ಕರದ ಮಾತು ಆಡುವ."

ನೌಫಲ್‌ಗೆ ಸಿಟ್ಟು ಬಂತು. "ನಮ್ಮವರಿಗೆ ನಾನು ಏನು ಹೇಳುವುದು?"

"ನೀವು ಬೇಡ, ನಾನೇ ಹೇಳ್ತೇನೆ," ಎಂದರು ಕಾಂತಿ. ಹೇಳಿದರು ಕೂಡ, ಅಂಗಳ ಅಂಗಳದಲ್ಲಿ ನಿಂತು, ಬೈಗುಳ ತಿಂದು.

ಗುಡ್ಡೆಯ ಕೊಡಗಳು ತುಂಬಿದವು, ಬಯಲಿನಲ್ಲೂ ಯಾರ ಮನೆಗೂ ನೀರು ತಪ್ಪಲಿಲ್ಲ. ಹದಿನಾರನೆಯ ದಿನ ಕರ ಏರಿಕೆಯನ್ನು ಸುರಕ್ಷಾ ಸೂಚಿಸಿದರು, ನೌಫಲ್ ಅನುಮೋದಿಸಿದರು. ಅಬ್ಬಾ, ಇವರಿಬ್ಬರ ಹೆಸರು ಒಂದೇ ನಿರ್ಣಯದಲ್ಲಿ! ಗುಡ್ಡೆಗೆ ಮೊದಲು ಎಂಬ ಕ್ರಮ ಹಾಗೇ ಉಳಿಯಿತು; ಗೊಣಗುವವರು ಈಗಲೂ ಇದ್ದಾರೆ. ಹಳೆ ಬಾಕಿ ಕಂತಿನಲ್ಲಿ ತೀರಲು ಎರಡು ವರ್ಷ ಬೇಕು. ಆದರೆ ಪಂಪು ನಿಂತಿಲ್ಲ, ಕಾಂತಿಗೆ ಬಾಕಿಯಿದ್ದ ಸಂಬಳದಲ್ಲಿ ಎರಡು ತಿಂಗಳದ್ದೂ ಬಂದಿದೆ.

ನಿಮ್ಮ ಮನೆ ಎಲ್ಲಿ ಎಂದು ಕೇಳುತ್ತೇನೆ. ಬಯಲಿನ ತುದಿಗೆ ಕೈ ತೋರಿಸುತ್ತಾರೆ. ಅಲ್ಲಿಗೆ ಈಗ ಎಲ್ಲರಿಗಿಂತ ಕೊನೆಗೆ, ಒಂಬತ್ತರ ಮೇಲೆ ನೀರು.

"ತಡವಾಗ್ತದೆ. ಆದ್ರೆ ಬರ್ತದೆ," ಎನ್ನುತ್ತಾ ಕೀಲಿಯನ್ನು ಹೆಗಲಿಗೇರಿಸುತ್ತಾರೆ. "ಬಿಡುವುದು ನಾನೇ ಅಲ್ವಾ?"