ಅಣುಬಾಂಬು, ಉಳ್ಳಾಗಡ್ಡಿ ಮತ್ತು ಪಾರೀಸಪ್ಪ

ಇಚಲಕರಂಜಿಯ ಮಗ್ಗದ ಕಾರಖಾನೆಯೊಂದರಲ್ಲಿ ದಿವಾಣಜಿಯಾಗಿ ಲೆಕ್ಕಪತ್ರ ಬರೆಯುತ್ತಿದ್ದ ಪಾರೀಸಪ್ಪನಿಗೆ ಊಟಕ್ಕಿಂತ ಲೋಕದ ಸುದ್ದಿಯ ಹಸಿವೇ ಹೆಚ್ಚು. ಮಧ್ಯಾಹ್ನ ಮಗ್ಗಗಳ ಸದ್ದು ನಿಂತೊಡನೆ ನೇಕಾರರ ನಡುವೆ ಕುಳಿತು, ಮರಾಠಿ ಪತ್ರಿಕೆ ಬಿಡಿಸಿ, ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ. ಮಹಾಯುದ್ಧವನ್ನೆಲ್ಲ ಹೀಗೆಯೇ ಹೇಳಿ ಮುಗಿಸಿದ ಮೇಲೆ, ೧೯೪೬ರಲ್ಲಿ ಅವನ ಪಾಲಿಗೆ ಹಬ್ಬವಾಗಿ ಬಂದದ್ದು ಅಣುಬಾಂಬಿನ ಮಾತುಕತೆ.

“ಅಮೇರಿಕಾದವ್ರು ಅಂತಾರ, ಮೊದಲ ಎಲ್ಲಾರೂ ಮನಿ ತಪಾಸಣಿ ಮಾಡಾಕ ಕೊಡ್ರಿ, ಆಮ್ಯಾಲ ನಮ್ಮ ಬಾಂಬ್ ಬಿಡತೇವಿ. ರಶಿಯಾದವ್ರು ಅಂತಾರ, ಮೊದಲ ನೀವು ಬಾಂಬ್ ನಾಶ ಮಾಡ್ರಿ, ಉಳಿದದ್ದು ಆಮ್ಯಾಲ.”

“ಹಂಗಾರ ಮೊದಲ ಯಾರ್ರಿ?” ಎಂದು ನೇಕಾರ ಧೋಂಡಿಬಾ ಕೇಳಿದ.

“ಅದಕ್ಕ ನ್ಯೂಯಾರ್ಕಿನ್ಯಾಗ ಕುಂತಾರಪಾ.”

ಹೀಗೆ ಹೇಳುವಾಗ ಪಾರೀಸಪ್ಪನ ಕೈ ಧೋಂಡಿಬಾನ ಬುತ್ತಿಗೆ ಹೋಗುತ್ತಿತ್ತು. ಅಲ್ಲಿ ರೊಟ್ಟಿಯ ಪಕ್ಕ ಗುದ್ದಿ ಒಡೆದ ಉಳ್ಳಾಗಡ್ಡಿ ಇರುತ್ತಿತ್ತು. ಪಾರೀಸಪ್ಪನದು ಕಟ್ಟಾ ಜೈನರ ಮನೆ. ಉಳ್ಳಾಗಡ್ಡಿಯಂಥ ಗಡ್ಡೆಗೆಣಸು ಹೊಸಿಲು ದಾಟಿ ಒಳಗೆ ಬರುವಂತಿಲ್ಲ. ಓದಿನ ಭರದಲ್ಲಿ ಕೈ ತಾನಾಗಿಯೇ ಹೋಗುತ್ತದೆಂದು ಅವನು ತನ್ನ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದ. ಶುದ್ಧ ಸುಳ್ಳು. ಹನ್ನೊಂದು ವರ್ಷದಿಂದ ಕೈಯನ್ನು ಅವನೇ ಕಳಿಸುತ್ತಿದ್ದ.

ಆ ವರ್ಷವೇ ಮಗಳು ಶಾಲನಳಿಗೆ ನಾಂದಣಿ ಊರಿನ ಸಂಬಂಧ ಬಂತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಹುಡುಗನ ಅಜ್ಜಿ ಸೋನಾಬಾಯಿಯ ಕಿವಿ ಊದಿದರು: ದಿವಾಣಜಿ ಮನೆಯಲ್ಲಿ ಉಳ್ಳಾಗಡ್ಡಿ ನಡೆಯುತ್ತದೆ. ತಾನೇ ಬಂದು ಅಡುಗೆಮನೆ ನೋಡುತ್ತೇನೆ, ಆಮೇಲೆ ಮಾತು ಎಂದು ಮುದುಕಿ ಹೇಳಿಕಳಿಸಿದಳು. ಪಾರೀಸಪ್ಪನಿಗೆ ರಶಿಯಾದವರ ಸಿಟ್ಟು ಆ ದಿನ ಪೂರ್ತಿ ಅರ್ಥವಾಯಿತು. ಆದರೂ ಮಗಳ ಮುಖ ನೋಡಿ ಒಪ್ಪಿಕೊಂಡ.

ಸೋನಾಬಾಯಿ ಮೂರನೇ ಪ್ರಹರಕ್ಕೆ ಚಕ್ಕಡಿಯಿಂದಿಳಿದು ನೇರ ಒಳಗೆ ನಡೆದಳು. ಗಡಿಗೆಗಳಲ್ಲಿ ಇಣುಕಿದಳು, ನೀರು ಸೋಸುವ ಅರಿವೆಯನ್ನು ಬೆಳಕಿಗೆ ಹಿಡಿದಳು, ಬಗ್ಗಿ ಖಾರ ಅರೆಯುವ ಕಲ್ಲನ್ನೂ ಮೂಸಿದಳು. ಏನೂ ಸಿಗಲಿಲ್ಲ. ಪಾರೀಸಪ್ಪನ ಹೆಂಡತಿ ಕಾಂಚನ ಸೆರಗು ಸರಿಮಾಡಿಕೊಂಡು ಗೆದ್ದವಳಂತೆ ನಿಂತಳು.

ಪಡಸಾಲೆಗೆ ಬಂದು ಕುಳಿತ ಮುದುಕಿಯ ಕಣ್ಣು ಪತ್ರಿಕೆಯ ಮೇಲೆ ಬಿತ್ತು. “ಏನೈತ್ರಿ ಅದರಾಗ, ದಿವಾಣಜಿ?”

ಪಾರೀಸಪ್ಪ ಹುರುಪಿನಿಂದ ಅಣುಬಾಂಬಿನ ವ್ಯಾಜ್ಯವನ್ನೆಲ್ಲ ಹೇಳಿದ.

“ಎಲ್ಲಾರೂ ಮಂದಿ ಮನಿ ನೋಡವ್ರ ಆದ್ರಲ್ರಿ,” ಎಂದಳು ಸೋನಾಬಾಯಿ. “ನನ್ನ ಮನ್ಯಾಗ ಏನೈತಿ ಅಂತ ಒಬ್ಬಾಂವರ ತಾನಾಗಿ ಹೇಳಿದ್ರ ಅರ್ಧಾ ಜಗಳ ಹರೀತಿತ್ತು.”

ಪಾರೀಸಪ್ಪ ಪತ್ರಿಕೆ ಕೆಳಗಿಟ್ಟ. ಬಾಯಿ ಮುಚ್ಚಿಕೊಂಡಿದ್ದರೆ ಮದುವೆ ಗಟ್ಟಿ. ಆದರೆ ಈ ಸುಳ್ಳಿನ ಜೊತೆ ಮಗಳು ಆ ಮನೆಯಲ್ಲಿ ಬಾಳಬೇಕು. ಎಂದಾದರೂ ಬಯಲಾದರೆ ಮಾತು ಕೇಳಬೇಕಾದವಳು ಅವಳೇ.

“ಅವ್ವಾರ, ಉಳ್ಳಾಗಡ್ಡಿ ಮನ್ಯಾಗ ಇಲ್ಲರಿ. ನಾ ಕಾರಖಾನ್ಯಾಗ ತಿಂತೇನಿ. ಹನ್ನೊಂದ ವರ್ಷ ಆತು. ತಪ್ಪು ನಂದು, ಹುಡುಗೀದಲ್ಲ.”

ಹೆಂಡತಿಯ ಕಡೆ ನೋಡುವ ಧೈರ್ಯ ಅವನಿಗಾಗಲಿಲ್ಲ. ಬಾಗಿಲ ಮರೆಯಲ್ಲಿದ್ದ ಮಗಳು ಕಣ್ಣು ಮುಚ್ಚಿಕೊಂಡಳು.

“ನಮ್ಮ ಯಜಮಾನ್ರೂ ತ್ವಾಟದಾಗ ತಿಂತಿದ್ರು,” ಎಂದಳು ಸೋನಾಬಾಯಿ. “ನನಗ ವಾಸನಿ ಬರತಿತ್ತು. ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ಮೂವತ್ತ ವರ್ಷ ಹಾದಿ ನೋಡಿದೆ. ಹೇಳದನ ಹ್ವಾದ್ರು. ನೀವು ಒಂದ ತಾಸಿನ್ಯಾಗ ಹೇಳಿದ್ರಿ.”

ಅವಳು ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಭುಜ ಕುಲುಕಿಸಿ ನಗತೊಡಗಿದಳು. ಕಾಂಚನಳಿಗೂ ನಗು ತಡೆಯಲಾಗಲಿಲ್ಲ. ಪಾರೀಸಪ್ಪ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದ.

“ಹೊತ್ತ ಮುಳುಗೂದ್ರಾಗ ನನಗ ತಾಟ ಹಾಕವ್ವಾ ಕಾಂಚನಾ,” ಎಂದಳು, ಬೇರೆಯವರ ಮನೆಯಲ್ಲಿ ಎಂದೂ ಉಣ್ಣದ ಸೋನಾಬಾಯಿ. “ಮಗ್ಗಲದಾಗ ಬೀಗರಿಗೂ ಒಂದ ಹಾಕು.”